ಪರರಾಷ್ಟ್ರ ವಿದ್ಯೆಯೂ ಪರಭಾಷಾ ವ್ಯಾಸಂಗವೂ

ಕಳೆದ ತಿಂಗಳು ಒಂದು ಸಂಜೆ, ತರಗತಿಗಳು ಮುಗಿದು ಕಾಲೇಜು ಬರಿದಾಗುತ್ತಿದ್ದ ಹೊತ್ತಿನಲ್ಲಿ, ನನ್ನ ವಿದ್ಯಾರ್ಥಿನಿಯೊಬ್ಬಳು ಶಿಫಾರಸು ಪತ್ರವೊಂದನ್ನು ಕೇಳಿಕೊಂಡು ನನ್ನಲ್ಲಿಗೆ ಬಂದಳು. ಪದವಿಯ ಅಂತಿಮ ವರ್ಷದಲ್ಲಿರುವ ಈಕೆ ಕನ್ನಡವನ್ನು ಐಚ್ಛಿಕವಾಗಿ ಓದಿದವಳು. ಪಂಪನ ಪದ್ಯವನ್ನು ಅನ್ವಯಿಸಿ ಅರ್ಥ ಹೇಳಬಲ್ಲ ನಾಲ್ಕೈದು ಮಂದಿಯಲ್ಲಿ ಒಬ್ಬಳು. ಕನ್ನಡ ಎಂ.ಎ. ತರಗತಿಗೆ ಅರ್ಜಿ ಹಾಕುವವಳೆಂದೇ ಭಾವಿಸಿ ನಾನು ಲೇಖನಿಯನ್ನು ಕೈಗೆತ್ತಿಕೊಂಡೆ. "ಕನ್ನಡಕ್ಕಲ್ಲ ಸರ್, ಅಂತಾರಾಷ್ಟ್ರೀಯ ಸಂಬಂಧಗಳ ವಿಷಯಕ್ಕೆ. ಜೊತೆಯಲ್ಲಿ ಸ್ಪ್ಯಾನಿಷ್ ಭಾಷೆಯನ್ನೂ ಕಲಿಯಬೇಕೆಂದಿದ್ದೇನೆ" ಎಂದಳು. ನಾನು ಲೇಖನಿಯನ್ನು ಕೆಳಗಿಟ್ಟೆ. "ಸ್ಪ್ಯಾನಿಷೇ? ಮಂಗಳೂರಿಗೂ ಸ್ಪೇನಿಗೂ ಏನಮ್ಮಾ ಸಂಬಂಧ?" ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. "ನಾಳೆ ಬರುತ್ತೇನೆ ಸರ್" ಎಂದಷ್ಟೇ ಹೇಳಿ ಹೊರಟುಹೋದಳು.

ಕೇಳಿದುದು ಪ್ರಶ್ನೆಯಲ್ಲ, ಅಸಮ್ಮತಿ ಎಂಬುದು ಅವಳಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ಆದರೆ ಪ್ರಶ್ನೆಯ ರೂಪದಲ್ಲಿ ಹೊರಬಿದ್ದ ಮಾತಿಗೆ ಉತ್ತರವನ್ನು ಹುಡುಕುವ ಹೊಣೆ ಕೇಳಿದವನಿಗೇ ಸೇರಿದ್ದು. ಆ ರಾತ್ರಿ ನಾನು ಕಪಾಟಿನಿಂದ ಕೆಲವು ಹಳೆಯ ಪುಸ್ತಕಗಳನ್ನು ತೆಗೆದು ಕುಳಿತೆ. ಅಲ್ಲಿ ದೊರೆತುದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ಈ ಹುಡುಗಿ ಒಬ್ಬಳೇ ಅಲ್ಲ. ಇಂತಹ ಆಸೆಯನ್ನು ಹೊತ್ತ ಮಕ್ಕಳು ನಮ್ಮ ಮುಂದೆ ಇನ್ನೂ ಬಂದು ನಿಲ್ಲುವವರಿದ್ದಾರೆ. ಅವರಿಗೆ ನಾವು ಏನು ಹೇಳಿ ಕಳುಹಿಸುತ್ತೇವೆ ಎಂಬುದು ಸಣ್ಣ ಮಾತಲ್ಲ.

1580ರಿಂದ 1640ರವರೆಗೆ, ಅಂದರೆ ಅರುವತ್ತು ವರ್ಷಗಳ ಕಾಲ, ಪೋರ್ಚುಗಲ್ಲಿನ ಸಿಂಹಾಸನವು ಸ್ಪೇನಿನ ಅರಸರ ಕೈಯಲ್ಲಿತ್ತು. ನಮ್ಮ ಕರಾವಳಿಯ ಚರಿತ್ರೆಯನ್ನು ಪಾಠ ಹೇಳುವಾಗ ನಾವು 'ಪೋರ್ಚುಗೀಸರು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಆದರೆ ಉಳ್ಳಾಲದ ಚೌಟರಸಿಯೂ ಬಂಗರಸನೂ ಪರಸ್ಪರ ವೈರದಿಂದಿದ್ದ ದಿನಗಳಲ್ಲಿ, ಬಂಗರಸನ ಪಕ್ಷ ವಹಿಸಿದ್ದ ಪೋರ್ಚುಗೀಸರ ಮಂಗಳೂರಿನ ಕೋಟೆಯು ಯಾವ ದೊರೆಯ ಹೆಸರಿನಲ್ಲಿ ನಿಂತಿತ್ತೋ, ಆ ದೊರೆ ಸ್ಪೇನಿನವನೇ ಆಗಿದ್ದನು. 1623ರಲ್ಲಿ ಅವನು ನಾಲ್ಕನೆಯ ಫಿಲಿಪ್. ಮಂಗಳೂರಿಗೂ ಸ್ಪೇನಿಗೂ ಏನು ಸಂಬಂಧವೆಂಬ ನನ್ನ ಪ್ರಶ್ನೆಗೆ ದೊರೆತ ಮೊದಲ ಉತ್ತರವೇ ನನ್ನ ಅಜ್ಞಾನವನ್ನು ಎತ್ತಿ ತೋರಿಸಿತು.

1623ನೆಯ ಇಸವಿಯನ್ನು ನಾನು ಸುಮ್ಮನೆ ಹೆಸರಿಸಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿಯು ಗೋವೆಯಿಂದ ಹೊರಟು, ಹೊನ್ನಾವರ ಗೇರುಸೊಪ್ಪೆಗಳ ದಾರಿಯಾಗಿ ಇಕ್ಕೇರಿಗೆ ಬಂದನು. ಗೋವೆಯ ಪೋರ್ಚುಗೀಸ್ ಆಡಳಿತವು ವೆಂಕಟಪ್ಪನಾಯಕನ ಆಸ್ಥಾನಕ್ಕೆ ಕಳುಹಿಸಿದ ರಾಯಭಾರದ ಜೊತೆಗೂಡಿ ಅವನು ಬಂದುದು. ಅದೇ ತಂಡದಲ್ಲಿ ನಾಯಕನ ಪ್ರತಿನಿಧಿಯಾಗಿ ಗೋವೆಗೆ ಹೋಗಿ ಹಿಂದಿರುಗುತ್ತಿದ್ದ ವಿಠಲ ಶೆಣೈ ಎಂಬಾತನೂ ಇದ್ದನು. ಇಂದು ನಾವು ಅಂತಾರಾಷ್ಟ್ರೀಯ ಸಂಬಂಧಗಳು ಎಂದು ಕರೆಯುವ ವಿದ್ಯೆಯನ್ನು ಕನ್ನಡ ಅರಸನೊಬ್ಬನ ಪರವಾಗಿ ನಾನೂರು ವರ್ಷಗಳ ಹಿಂದೆ ಆಚರಿಸಿದವನು ಆತ. ಅವನು ಎಷ್ಟು ಭಾಷೆಗಳ ನಡುವೆ ಬಾಳಿರಬೇಕೆಂದು ಊಹಿಸಿಕೊಳ್ಳಿ: ಒಡೆಯನ ಆಸ್ಥಾನದಲ್ಲಿ ಕನ್ನಡ, ಗೋವೆಯ ಬೀದಿಯಲ್ಲಿ ಕೊಂಕಣಿ, ಅಧಿಕಾರಿಗಳ ಮನೆಯಲ್ಲಿ ಪೋರ್ಚುಗೀಸ್. ಆದರೆ ಅವನ ಹೆಸರನ್ನು ನಾನು ಓದಿದುದು ಇಟಲಿಯ ಪ್ರವಾಸಿಯು ತನ್ನ ಮಿತ್ರನಿಗೆ ಬರೆದ ಪತ್ರಗಳಲ್ಲಿ, ಅದೂ ಇಂಗ್ಲಿಷ್ ಅನುವಾದದಲ್ಲಿ.

ಇಕ್ಕೇರಿಯಿಂದ ದೆಲ್ಲ ವಲ್ಲೆ ಬಸರೂರಿನ ಮಾರ್ಗವಾಗಿ ಮಂಗಳೂರಿಗೆ ಇಳಿದು ಉಳ್ಳಾಲದ ರಾಣಿಯನ್ನು ಕಾಣಲು ಹೋದನು. ಅವಳು ಅರಮನೆಯಲ್ಲಿರಲಿಲ್ಲ, ಹೊಲಗಳ ನಡುವೆ ನೀರಿನ ಕಾಲುವೆ ತೋಡಿಸುವ ಕೆಲಸವನ್ನು ಕಾಲ್ನಡಿಗೆಯಲ್ಲಿ ನೋಡುತ್ತಿದ್ದಳು. ಬರಿಗಾಲು, ಸಾಮಾನ್ಯವಾದ ಹತ್ತಿಯ ಬಟ್ಟೆ. ಅವಳ ವೇಷವನ್ನು ಕಂಡು ಅವನಿಗೆ ಅಡುಗೆಮನೆಯ ಹೆಣ್ಣಿನ ನೆನಪಾಯಿತಂತೆ. ಆದರೆ ಅವಳು ಮಾತಾಡತೊಡಗಿದ ಮೇಲೆ ಇವಳು ರಾಣಿಯೇ ಸರಿ, ವಿವೇಕಶಾಲಿನಿಯೇ ಸರಿ ಎಂದು ತೀರ್ಮಾನಿಸಿದನು. ಈ ಪ್ರಸಂಗವನ್ನು ನಾನು ಹಿಂದೆಯೂ ಓದಿದ್ದೆ. ಅದರ ತಿರುಳು ತಿಳಿದುದು ಈಚೆಗೆ. ಬಟ್ಟೆಯನ್ನು ನೋಡಿ ತಪ್ಪು ತಿಳಿದವನನ್ನು ಮಾತು ತಿದ್ದಿತು. ರಾಷ್ಟ್ರ ರಾಷ್ಟ್ರಗಳ ನಡುವಣ ಎಲ್ಲ ಸಂಬಂಧದ ಸಾರವೂ ಇಷ್ಟರಲ್ಲೇ ಇದೆ. ಪರರ ಮಾತು ಕಿವಿಗೆ ಬೀಳದಿರುವ ತನಕ ನಾವು ಕಾಣುವುದು ಅವರ ವೇಷವನ್ನು ಮಾತ್ರ.

ಇನ್ನೊಂದು ಉದಾಹರಣೆಯನ್ನು ನೋಡೋಣ. ಹದಿನಾರನೆಯ ಶತಮಾನದ ಆರಂಭದ ನಮ್ಮ ಕರಾವಳಿಯನ್ನು ವರ್ಣಿಸಿದ ದುವಾರ್ತೆ ಬಾರ್ಬೋಸನ ಗ್ರಂಥ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದು. ಮಂಗಳೂರಿನ ಹಡಗುಗಳು ಮಲಬಾರಿಗೆ ಕಂದು ಬಣ್ಣದ ಅಕ್ಕಿಯನ್ನು ಒಯ್ಯುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಇದು ನಮ್ಮ ಕುಚ್ಚಲಕ್ಕಿಯೇ ಎಂದು ಓದಿಕೊಳ್ಳಲು ನನ್ನ ನಾಲಗೆ ಹಾತೊರೆಯುತ್ತದೆ. ಬಾರ್ಬೋಸನು ಪೋರ್ಚುಗೀಸನು. ಆದರೆ 1866ರಲ್ಲಿ ಸ್ಟಾನ್ಲಿಯು ಇಂಗ್ಲಿಷಿಗೆ ತಂದ ಅವನ ಗ್ರಂಥವು ಬಾರ್ಸೆಲೋನಾದ ಪುಸ್ತಕಭಂಡಾರದಲ್ಲಿದ್ದ ಸ್ಪ್ಯಾನಿಷ್ ಹಸ್ತಪ್ರತಿಯೊಂದರ ಅನುವಾದ. ನಮ್ಮ ಊರಿನ ಅಕ್ಕಿಯ ಸುದ್ದಿಯು ಪೋರ್ಚುಗೀಸಿನಿಂದ ಸ್ಪ್ಯಾನಿಷಿಗೆ, ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಸುತ್ತಿ ಬಳಸಿ, ಕೊನೆಗೆ ಇಂಗ್ಲಿಷಿನಿಂದ ನಮಗೆ ತಲುಪಿತು. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದ ಪಾಯೆಸ್ ಮತ್ತು ನೂನಿಜರ ಕಥೆಯೂ ಬೇರೆಯಲ್ಲ. ಅವರ ಬರಹಗಳನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸ್ ಪ್ರಕಟಿಸಿದನು; 1900ರಲ್ಲಿ ಸಿವೆಲ್ಲನು ಇಂಗ್ಲಿಷಿಗೆ ತಂದನು. ಅಂದಿನಿಂದ ನಾವು ಸಿವೆಲ್ಲನ ಪುಟಗಳನ್ನೇ ಮಗುಚುತ್ತ ಬಂದಿದ್ದೇವೆ. ನಮ್ಮ ಹಂಪೆಯನ್ನು ನಾವು ಮತ್ತೊಬ್ಬರ ಕನ್ನಡಕದಿಂದ ನೋಡುತ್ತಿದ್ದೇವೆ.

ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಬಿ.ಎಸ್. ಶಾಸ್ತ್ರಿಯವರು ಗೋವೆಗೂ ಕನ್ನಡ ಕರಾವಳಿಗೂ 1498ರಿಂದ 1763ರವರೆಗೆ ಇದ್ದ ಸಂಬಂಧವನ್ನು ಕುರಿತು ಪೋರ್ಚುಗೀಸ್ ದಾಖಲೆಗಳನ್ನು ಆಧರಿಸಿ ರಚಿಸಿದ ಗ್ರಂಥವು ಎಂತಹ ಕೆಲಸ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿದೆ. ಆದರೆ ಇಂತಹವರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಸಾಕಾಗುತ್ತವೆ. ಆ ಹುಡುಗಿ ಆರನೆಯ ಬೆರಳಾದರೆ ನನ್ನಿಂದ ಅಡ್ಡಿ ಏಕೆ?

ಚರಿತ್ರೆ ಹಾಗಿರಲಿ, ಇಂದಿನ ಲೋಕವ್ಯವಹಾರಕ್ಕೆ ಬರೋಣ. ಅಂತಾರಾಷ್ಟ್ರೀಯ ಸಂಬಂಧಗಳೆಂದರೆ ಸೈನ್ಯ, ಗಡಿ, ವ್ಯಾಪಾರ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಸೈನ್ಯ ಹಿಂದಿರುಗಿದ ಮೇಲೆ ಉಳಿಯುವುದು ಒಂದು ಕಾಗದ. ಆ ಕಾಗದದ ಮೇಲಿರುವುದು ಮಾತು. ನಮ್ಮ ಊರಿನ ಹೆಸರನ್ನು ಹೊತ್ತ ಒಪ್ಪಂದವೇ ಒಂದಿದೆ. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ಮಂಗಳೂರಿನಲ್ಲಿ ಒಪ್ಪಂದವಾಗಿ ಎರಡನೆಯ ಮೈಸೂರು ಯುದ್ಧ ಕೊನೆಗೊಂಡಿತು. ಗೆದ್ದುಕೊಂಡ ಪ್ರದೇಶಗಳನ್ನು ಉಭಯ ಪಕ್ಷಗಳೂ ಹಿಂದಕ್ಕೆ ಕೊಡಬೇಕೆಂದಾಯಿತು. ರಾಜತಂತ್ರಕ್ಕೆ ಅಂದು ಫಾರಸಿಯೇ ರೂಢಿಯ ಭಾಷೆ; ಕಂಪೆನಿಯವರದು ಇಂಗ್ಲಿಷ್. ಎರಡು ಭಾಷೆಗಳನ್ನು ಬಲ್ಲವನೊಬ್ಬ ನಡುವೆ ನಿಲ್ಲದೆ ಇಂತಹ ಸಂಧಾನ ಒಂದು ಹೆಜ್ಜೆಯೂ ಮುಂದುವರಿಯದು. ಚರಿತ್ರೆಯು ಅರಸರ ಹೆಸರನ್ನು ಉಳಿಸಿಕೊಂಡು ದುಭಾಷಿಯ ಹೆಸರನ್ನು ಮರೆಯುತ್ತದೆ. ಆದರೆ ದುಭಾಷಿಯು ಒಂದು ಮಾತನ್ನು ಮರೆತರೆ ಅರಸರು ಮತ್ತೆ ಕತ್ತಿ ಹಿಡಿಯಬೇಕಾದೀತು.

ಇದು ಉತ್ಪ್ರೇಕ್ಷೆಯಲ್ಲ. 1945ರ ಜೂನ್ 26ರಂದು ಸಹಿಯಾದ ವಿಶ್ವಸಂಸ್ಥೆಯ ಸನ್ನದಿನ 111ನೆಯ ವಿಧಿಯು, ಚೀನೀ, ಫ್ರೆಂಚ್, ರಷ್ಯನ್, ಇಂಗ್ಲಿಷ್, ಸ್ಪ್ಯಾನಿಷ್ ಈ ಐದು ಭಾಷೆಗಳ ಪಾಠಗಳೂ ಸಮಾನವಾಗಿ ಅಧಿಕೃತವೆಂದು ಸಾರುತ್ತದೆ. ಇಂಗ್ಲಿಷ್ ಮೂಲ, ಉಳಿದವು ಅನುವಾದ ಎಂಬ ಮಾತು ಅಲ್ಲಿ ಸಲ್ಲದು. ಭಿನ್ನ ಭಾಷೆಗಳ ಪಾಠಗಳಲ್ಲಿ ಅರ್ಥ ಭಿನ್ನವಾದರೆ ಏನು ಮಾಡಬೇಕೆಂಬುದಕ್ಕೆ 1969ರ ವಿಯೆನ್ನಾ ಒಡಂಬಡಿಕೆಯಲ್ಲಿ 33ನೆಯ ವಿಧಿಯೇ ಮೀಸಲಾಗಿದೆ. 1967ರಲ್ಲಿ ಭದ್ರತಾ ಸಮಿತಿಯು ಪಶ್ಚಿಮ ಏಷ್ಯಾದ ಯುದ್ಧಾನಂತರ ಅಂಗೀಕರಿಸಿದ 242ನೆಯ ಠರಾವನ್ನು ನೋಡಿ. ಇಸ್ರೇಲಿನ ಸೇನೆ ತಾನು ಆಕ್ರಮಿಸಿದ ಪ್ರದೇಶಗಳಿಂದ ಹಿಂದೆ ಸರಿಯಬೇಕು ಎಂಬಲ್ಲಿ, ಪ್ರದೇಶಗಳೆಂಬ ಪದದ ಮುಂದೆ ಇಂಗ್ಲಿಷ್ ಪಾಠದಲ್ಲಿ 'ದಿ' ಎಂಬ ಒಂದು ಪುಟ್ಟ ಪದವಿಲ್ಲ. ಫ್ರೆಂಚ್ ಪಾಠದಲ್ಲಿ ಅದಕ್ಕೆ ಸಮಾನವಾದುದು ಇದೆ. ಕೆಲವು ಪ್ರದೇಶಗಳೋ, ಎಲ್ಲ ಪ್ರದೇಶಗಳೋ? ಒಂದು ಅಕ್ಷರದ ಸುತ್ತ ಹುಟ್ಟಿದ ವಾದ ಅರ್ಧ ಶತಮಾನ ಕಳೆದರೂ ತಣ್ಣಗಾಗಿಲ್ಲ. ಕನ್ನಡದಲ್ಲಿ ಆ ಪದವೇ ಇಲ್ಲ. ನಾವು ಎಚ್ಚರದಿಂದ ಓದದಿದ್ದರೆ ಅಲ್ಲೊಂದು ಜಗಳವಿದೆಯೆಂಬುದೇ ನಮಗೆ ತಿಳಿಯಲಾರದು.

ಮಂಗಳೂರಿನ ಮಗುವಿಗೆ ಈ ಎಚ್ಚರವು ಹುಟ್ಟಿನಿಂದಲೇ ಬರಬೇಕಾದುದು. ವಿಶ್ವಸಂಸ್ಥೆಯ ಸನ್ನದು 'ನಾವು' ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಇಂಗ್ಲಿಷಿನವನು ಅದನ್ನು ಯೋಚಿಸದೆ ಉಚ್ಚರಿಸಬಹುದು, ಕನ್ನಡದವನೂ ಉಚ್ಚರಿಸಬಹುದು. ಆದರೆ ತುಳುವನು ಹಾಗೆ ಮಾಡಲಾರನು. ಅವನ ಭಾಷೆಯಲ್ಲಿ ಎರಡು 'ನಾವು'ಗಳಿವೆ: ಕೇಳುವವನನ್ನೂ ಒಳಗೊಂಡರೆ 'ನಮ', ಅವನನ್ನು ಹೊರಗಿಟ್ಟರೆ 'ಎಂಕುಲು'. ಸನ್ನದಿನ 'ನಾವು' ಯಾವುದು? ನಮವೋ, ಎಂಕುಲುವೋ? ಪ್ರಪಂಚದ ರಾಜಕಾರಣದ ಮೂಲಪ್ರಶ್ನೆಯನ್ನು ಪಣಂಬೂರಿನ ಬೆಸ್ತರ ಮಗುವು ವ್ಯಾಕರಣದ ರೂಪದಲ್ಲಿ ದಿನವೂ ಬಿಡಿಸುತ್ತಿದೆ. ಸ್ಪ್ಯಾನಿಷಿನಲ್ಲಿ 'ನಾವು' ಎಂಬುದಕ್ಕೆ 'ನೊಸೊತ್ರೊಸ್' ಎನ್ನುತ್ತಾರೆ. ಪದವನ್ನು ಬಿಡಿಸಿದರೆ 'ನಾವು ಇತರರು' ಎಂದಾಗುತ್ತದೆ. ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಂಡವನು ರಾಯಭಾರಿಯಾಗದಿದ್ದರೂ ಒಳ್ಳೆಯ ನೆರೆಯವನಾಗುವನು.

ಇಪ್ಪತ್ತು ಸ್ವತಂತ್ರ ರಾಷ್ಟ್ರಗಳ ವ್ಯವಹಾರದ ಭಾಷೆಯಾದ ಸ್ಪ್ಯಾನಿಷು ನಾವು ತಿಳಿದಷ್ಟು ದೂರದ್ದೂ ಅಲ್ಲ. ಅದು ಪೋರ್ಚುಗೀಸಿನ ಒಡಹುಟ್ಟು. ಪೋರ್ಚುಗೀಸಿನ ಪದಗಳೋ ನಮ್ಮ ಮನೆಯೊಳಗೇ ಇವೆ. ನಾವು ಎಣಿಸುವ 'ಪಗಾರ', ಬಾವಿಕಟ್ಟೆಯ 'ಬಾಲ್ದಿ', ಇಗರ್ಜಿಯ 'ಪಾದ್ರಿ' ಇವು ಸ್ಪ್ಯಾನಿಷಿನವನ ಕಿವಿಗೂ ಹೊಸವಲ್ಲ. ಅವನ ಭಾಷೆಯಲ್ಲಿಯೂ ಕ್ರಿಯಾಪದದ ತುದಿಯೇ ಕರ್ತೃವನ್ನು ಹೇಳುತ್ತದೆ. 'ಬಂದೆನು' ಎಂದರೆ 'ನಾನು' ಎನ್ನಬೇಕಾಗಿಲ್ಲ ಎಂಬುದು ನಮ್ಮಂತೆ ಅವನಿಗೂ ಸಹಜ. ನಮಗೆ ನೀನು-ನೀವು ಇರುವಂತೆ ಅವನಿಗೂ ಸಲುಗೆಯ ರೂಪವೊಂದು, ಗೌರವದ ರೂಪವೊಂದು ಇವೆ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಾದಂಬರಿಯನ್ನು ಓದುವಾಗ ಮಗನು ತಂದೆಗೆ ಯಾವ ರೂಪದಲ್ಲಿ ಮಾತಾಡಿದನೆಂಬುದು ನಮಗೆ ತಿಳಿಯುವುದಿಲ್ಲ. ಎರಡು ಭಾಷೆಗಳಿಗೂ ಸಹಜವಾಗಿದ್ದ ಸೂಕ್ಷ್ಮವೊಂದು ನಡುವಣ ಸೇತುವೆಯಲ್ಲಿ ಸೋರಿಹೋಗುತ್ತದೆ.

ಸಾಹಿತ್ಯದ ಆಯಾತ ನಿರ್ಯಾತಗಳೆಲ್ಲ ಬಹುಮಟ್ಟಿಗೆ ಈ ಸೇತುವೆಯ ಮೇಲೆಯೇ ನಡೆದಿವೆ. ರವೀಂದ್ರರ ಕೃತಿಗಳನ್ನು ಹ್ವಾನ್ ರಮೋನ್ ಹಿಮೆನೆಸ್ ದಂಪತಿಗಳು 1915ರಿಂದ ಸ್ಪ್ಯಾನಿಷಿಗೆ ತಂದುದು ಇಂಗ್ಲಿಷಿನಿಂದ, ಬಂಗಾಳಿಯಿಂದಲ್ಲ. ಗಾರ್ಸಿಯಾ ಮಾರ್ಕೆಸನ ಮಹಾಕಾದಂಬರಿಯನ್ನು ಎ.ಎನ್. ಪ್ರಸನ್ನ ಅವರು ಕನ್ನಡಕ್ಕೆ ತಂದಿದ್ದಾರೆ. ನೆರೂಡನ ಕವಿತೆಗಳು ಕನ್ನಡದ ಓದುಗರಿಗೆ ಅಪರಿಚಿತವಲ್ಲ. ಇವರ ಶ್ರಮಕ್ಕೆ ನಾವು ಋಣಿಗಳು. ಆದರೆ ಮೂಲದಿಂದಲೇ ನೇರವಾಗಿ ಕನ್ನಡಕ್ಕೆ ತರಬಲ್ಲವರು ನಮ್ಮಲ್ಲಿ ನೂರು ಮಂದಿ ಇದ್ದಿದ್ದರೆ! ಸ್ಪ್ಯಾನಿಷಿನಲ್ಲಿ ಕಾವ್ಯವೂ ರಾಜತಂತ್ರವೂ ಒಂದೇ ಮನೆಯಲ್ಲಿ ಬಾಳಿದ ದೃಷ್ಟಾಂತಗಳೂ ಬೇಕಾದಷ್ಟಿವೆ. ಚಿಲಿಯ ಗಬ್ರಿಯೇಲಾ ಮಿಸ್ತ್ರಾಲ್ ತನ್ನ ದೇಶದ ಕಾನ್ಸಲ್ ಆಗಿದ್ದವಳು; ನೆರೂಡ ರಂಗೂನಿನಲ್ಲಿಯೂ ಕೊಲಂಬೊದಲ್ಲಿಯೂ ಅದೇ ಹುದ್ದೆಯಲ್ಲಿದ್ದನು; ಮೆಕ್ಸಿಕೊದ ಒಕ್ತಾವಿಯೊ ಪಾಸ್ 1962ರಿಂದ 1968ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದು, ಸ್ವದೇಶದ ಸರಕಾರ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದುದನ್ನು ಪ್ರತಿಭಟಿಸಿ ಆ ಪದವಿಯನ್ನು ತೊರೆದನು. ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಸಾಹಿತ್ಯ ಓದಿದ ಹುಡುಗಿ ಪರರಾಷ್ಟ್ರ ವಿದ್ಯೆಗೆ ಹೊರಟರೆ ದಾರಿ ತಪ್ಪಿದಳೆನ್ನುವ ನಾವು ಇವರನ್ನು ನೆನೆಯಬೇಕು.

ಈಗ ಆಕ್ಷೇಪಗಳ ಮಾತು. ಹೊಟ್ಟೆಪಾಡಿನ ಆಕ್ಷೇಪ ತಂದೆತಾಯಿಗಳದು. ಅದನ್ನು ಹಗುರವಾಗಿ ಕಾಣಲಾಗದು. ವಿದೇಶಾಂಗ ಸೇವೆಗೆ ಆಯ್ಕೆಯಾದವರು ಒಂದು ಪರಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು ಎಂಬುದು ನಿಜ. ಅನುವಾದ, ವ್ಯಾಪಾರ, ಬೋಧನೆಗಳಲ್ಲಿ ಎಡೆಯುಂಟು ಎಂಬುದೂ ನಿಜ. ಆದರೆ ಕೆಲಸ ಖಂಡಿತವೆಂದು ಯಾವ ಪದವಿಯೂ ವಾಗ್ದಾನ ಮಾಡುವುದಿಲ್ಲ. ನಮ್ಮ ಕನ್ನಡ ಎಂ.ಎ. ಕೂಡ ಮಾಡುವುದಿಲ್ಲ. ಅದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು.

ಎರಡನೆಯ ಆಕ್ಷೇಪ ನನ್ನಂತಹ ಕನ್ನಡ ಅಧ್ಯಾಪಕರದು. ಪರಭಾಷೆ ಬಂದರೆ ಕನ್ನಡ ಹೋಗುತ್ತದೆ ಎಂಬ ಅಂಜಿಕೆ ಬರಿಯ ಭ್ರಮೆಯಲ್ಲ. ಅಂಕಗಳು ಸುಲಭವಾಗಿ ಸಿಗುತ್ತವೆಂಬ ಒಂದೇ ಕಾರಣದಿಂದ ಕನ್ನಡವನ್ನು ಬಿಟ್ಟು ಬೇರೊಂದು ಭಾಷೆಯನ್ನು ಆರಿಸಿಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಎರಡು ವರ್ಷ ಓದಿದ ಮೇಲೆ ಆ ಭಾಷೆಯಲ್ಲಿ ಒಂದು ಪತ್ರವನ್ನೂ ಅವರು ಬರೆಯಲಾರರು, ಕನ್ನಡದಲ್ಲಿಯೂ ಬರೆಯಲಾರರು. ಇದು ಭಾಷಾಭ್ಯಾಸವಲ್ಲ, ಭಾಷಾವ್ಯಾಪಾರ. ನನ್ನ ಸಿಟ್ಟು ಇದರ ಮೇಲಿದ್ದುದು; ಆ ಸಿಟ್ಟನ್ನು ನಾನು ಆ ಹುಡುಗಿಯ ಮೇಲೆ ಹರಿಯಬಿಟ್ಟೆ. ಅಂಕಕ್ಕಾಗಿ ಕನ್ನಡವನ್ನು ತೊರೆಯುವುದು ಬೇರೆ. ಕನ್ನಡವನ್ನು ಕಲಿತು ಮುಗಿಸಿ, ಅದರ ಬಲದಿಂದ ಇನ್ನೊಂದು ಭಾಷೆಗೆ ಹೆಜ್ಜೆಯಿಡುವುದು ಬೇರೆ. ಇವೆರಡನ್ನು ಒಂದೆಂದು ಬಗೆದುದು ಅಧ್ಯಾಪಕನಿಗೆ ಸಲ್ಲದ ಅವಿವೇಕ.

ಆದುದರಿಂದ ನನ್ನ ಸೂಚನೆ ಮೂರು. ಮೊದಲನೆಯದು, ಕಾಲೇಜುಗಳು ಕನ್ನಡವನ್ನೂ ಪರಭಾಷೆಯನ್ನೂ ಒಂದೇ ಸ್ಥಾನಕ್ಕೆ ಎದುರಾಳಿಗಳನ್ನಾಗಿ ನಿಲ್ಲಿಸಬಾರದು. ಪರಭಾಷೆಯು ಕನ್ನಡದ ಜೊತೆಗೆ ಬರಲಿ, ಕನ್ನಡದ ಬದಲಿಗೆ ಬೇಡ. ಎರಡನೆಯದು, ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗೆ ಒಂದು ಪರಭಾಷೆಯನ್ನು ಕನಿಷ್ಠ ಓದಿ ತಿಳಿಯುವಷ್ಟಾದರೂ ಕಲಿಸಬೇಕು. ಕರಾವಳಿಯಲ್ಲಿ ಅದು ಪೋರ್ಚುಗೀಸ್, ಸ್ಪ್ಯಾನಿಷ್ ಇಲ್ಲವೆ ಜರ್ಮನ್ ಆದರೆ ನಮ್ಮ ಚರಿತ್ರೆಯ ಮೂಲಗಳೇ ಕೈಗೆ ಬರುವುವು. ಮೂರನೆಯದು, ಅಂತಾರಾಷ್ಟ್ರೀಯ ಸಂಬಂಧಗಳನ್ನು ಓದಿದವರು ಕನ್ನಡದಲ್ಲಿ ಬರೆಯಬೇಕು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರಕ್ಕೆ ದೊಡ್ಡ ಶಾಲೆಯೇ ಇದೆ. ಸ್ಪ್ಯಾನಿಷ್ ಕಲಿಸುವ ಕೇಂದ್ರವಿದೆ. ಕನ್ನಡ ಭಾಷಾಪೀಠವೂ ಸ್ಥಾಪನೆಯಾಗಿದೆ. ಮೂರೂ ಒಂದೇ ಆವರಣದಲ್ಲಿವೆ. ಆದರೆ ಮೂರನ್ನೂ ಕೂಡಿಸುವುದು ಕಟ್ಟಡಗಳಲ್ಲ, ವಿದ್ಯಾರ್ಥಿ.

ನಮ್ಮ ಊರಿಗೆ ಈ ವಿಷಯದಲ್ಲಿ ಒಂದು ಋಣವೂ ಇದೆ, ಒಂದು ಮಾದರಿಯೂ ಇದೆ. ಋಣವು ಜರ್ಮನಿಯಿಂದ ಬಂದವರದು. ಮೋಗ್ಲಿಂಗನು ಕನ್ನಡವನ್ನು ಕಲಿತು 1843ರಲ್ಲಿ ಇಲ್ಲಿಂದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು; ಕಿಟ್ಟೆಲ್ಲನ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. ಅವರು ಬಂದ ಉದ್ದೇಶ ಏನೇ ಇರಲಿ, ನಮ್ಮ ಭಾಷೆಯನ್ನು ಅವರು ನಮಗಿಂತ ಶ್ರದ್ಧೆಯಿಂದ ಕಲಿತರು. ಅದಕ್ಕೆ ಪ್ರತಿಯಾಗಿ ನಾವು ಯಾರ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತೆವು? ಮಾದರಿಯು ಬೆನಗಲ್ ನರಸಿಂಗರಾಯರದು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಭಾರತದ ಸಂವಿಧಾನ ರಚನೆಗೆ ಸಲಹೆಗಾರರಾಗಿ ದುಡಿದ ಅವರು, 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದರು. ಮುಂದೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಲೋಕದ ಜಗಳವನ್ನು ಕೇಳಿ ತೂಗಬಲ್ಲ ಕಿವಿಯೊಂದನ್ನು ಈ ಊರು ಹಿಂದೆ ಕೊಟ್ಟಿದೆ. ಇನ್ನೊಮ್ಮೆ ಕೊಡಬಾರದೆಂದೇನು?

ಮರುದಿನ ಆ ಹುಡುಗಿ ಬಂದಳು. ಪತ್ರ ಸಿದ್ಧವಾಗಿತ್ತು. ಅದರಲ್ಲಿ ನಾನು ಬರೆದ ಮುಖ್ಯ ವಾಕ್ಯ ಇಷ್ಟು: "ಈಕೆ ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲಳು, ಆದುದರಿಂದ ಇನ್ನೊಬ್ಬರ ಭಾಷೆಯನ್ನು ಕಲಿಯಲು ಅರ್ಹಳು." ಅವಳು ಓದಿಕೊಂಡು, "ನಿನ್ನೆ ಕೇಳಿದಿರಲ್ಲ ಸರ್, ಮಂಗಳೂರಿಗೂ ಸ್ಪೇನಿಗೂ ಏನು ಸಂಬಂಧ ಅಂತ. ನನಗೆ ಗೊತ್ತಿರಲಿಲ್ಲ" ಎಂದಳು. "ನನಗೂ ಗೊತ್ತಿರಲಿಲ್ಲಮ್ಮಾ" ಎಂದು ಹೇಳಿ, ದೆಲ್ಲ ವಲ್ಲೆಯ ಪುಸ್ತಕವನ್ನು ಅವಳ ಕೈಗಿತ್ತೆ. ಒಂದೇ ಒಂದು ಷರತ್ತನ್ನು ಹಾಕಿದೆ: ಸ್ಪ್ಯಾನಿಷ್ ಬಂದ ಮೇಲೆ ಮೊದಲು ಅರ್ಥವಾದ ಒಂದು ಪುಟವನ್ನು, ನಡುವೆ ಇಂಗ್ಲಿಷನ್ನು ತಾರದೆ, ಕನ್ನಡಕ್ಕಿಳಿಸಿ ನನಗೆ ಕಳುಹಿಸಬೇಕು. ಒಪ್ಪಿಕೊಂಡು ಹೋಗಿದ್ದಾಳೆ. ಆ ಪುಟದ ದಾರಿಯನ್ನು ನಾನು ಕಾಯುತ್ತಿದ್ದೇನೆ.